ಅಕ್ಕನ ಕೊರಿಯ ಕ್ರೀಮು, ಮೇಡಂ ಮುಖ

ನನ್ನ ಸಿಟ್ಟಿಗೆ ಆಯುಸ್ಸು ಕಡಿಮೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಇಳಿಯುವ ಸ್ಟಾಪಿನವರೆಗೂ ಹಲ್ಲು ಕಡಿಯುತ್ತೇನೆ. ಇಳಿದ ಮೇಲೆ ತುಳಿಸಿಕೊಂಡದ್ದು ಎಡಗಾಲೋ ಬಲಗಾಲೋ ಎಂಬುದೂ ಮರೆತಿರುತ್ತದೆ. ನನ್ನ ಅಕ್ಕನದು ಹಾಗಲ್ಲ. ಅವಳ ಸಿಟ್ಟು ಕೂಗಾಡುವುದಿಲ್ಲ, ಪಾತ್ರೆ ಎತ್ತಿ ಹಾಕುವುದಿಲ್ಲ. ಇಸ್ತ್ರಿ ಮಾಡಿ ಮಡಿಸಿ ಬೀರುವಿನಲ್ಲಿಟ್ಟ ಬಟ್ಟೆಯ ಹಾಗೆ ಇರುತ್ತದೆ. ಎಷ್ಟು ವರ್ಷ ಬಿಟ್ಟು ತೆಗೆದರೂ ಗೆರೆ ಕೆಟ್ಟಿರುವುದಿಲ್ಲ.

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು, ಅಂದರೆ ಐವತ್ತೆರಡು. ನಮ್ಮ ಬೀದಿಯ ತಿರುವಿನಲ್ಲಿ ಗಾಜಿನ ಬಾಗಿಲಿನ ಬ್ಯೂಟಿ ಪಾರ್ಲರ್ ಒಂದಿದೆಯಲ್ಲ, ಅಲ್ಲಿ ಅವಳು ಹದಿನಾಲ್ಕು ವರ್ಷ ದಾರ ಹಿಡಿದು ಜನರ ಹುಬ್ಬು ತಿದ್ದಿದಳು. ಪಾರ್ಲರಿನ ಒಡತಿಯನ್ನು ಎಲ್ಲರೂ ಕರೆಯುವುದು ಎ.ಸಿ. ಮೇಡಂ ಎಂದು. ಬೀದಿಗೆ ಮೊದಲು ಎ.ಸಿ. ತಂದವರು ಅವರು. ತಂದಮೇಲೆ ಅದನ್ನು ಬಿಟ್ಟು ಹೊರಗೆ ಬಂದವರೂ ಅಲ್ಲ. ಮನೆಯಲ್ಲಿ ಎ.ಸಿ., ಕಾರಿನಲ್ಲಿ ಎ.ಸಿ., ಅಂಗಡಿಯಲ್ಲಿ ಎ.ಸಿ.; ಕಾರಿನ ಬಾಗಿಲಿಂದ ಅಂಗಡಿಯ ಬಾಗಿಲಿಗೆ ಇರುವ ಎಂಟು ಹೆಜ್ಜೆಯಷ್ಟೇ ಅವರ ಪಾಲಿನ ಬೇಸಿಗೆ.

ಅಕ್ಕನ ಎರಡೂ ಕೆನ್ನೆಯ ಮೇಲೆ ಬಂಗು ಇದೆ. ಕಂದು ಬಣ್ಣದ ಎರಡು ಕಲೆ, ಬಹಳ ವರ್ಷದ್ದು. ಒಂದು ಮಧ್ಯಾಹ್ನ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಮಲಗಿದ್ದರು. ಅಕ್ಕ ಅವರ ಹುಬ್ಬು ಮಾಡುತ್ತಿದ್ದಳು. ಸುಮ್ಮನೆ ಮಾತಿಗೆಂದು ಅವರು, "ನೀವು ಮುಖಕ್ಕೆ ಏನ್ ಹಚ್ಕೋತೀರಿ?" ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮೇಡಂ ದನಿ ಬಂತು.

"ಅವಳ ಮುಖ ನೋಡ್ಕೊಂಡೂ ಕೇಳ್ತಿದೀರಲ್ಲ. ತುಕ್ಕು ಹಿಡಿದ ಬೋರ್ಡ್ ಹಾಕ್ಕೊಂಡು ಯಾರಾದ್ರೂ ಬಣ್ಣ ಮಾರ್ತಾರಾ?"

ಅಂಗಡಿಯಲ್ಲಿದ್ದ ನಾಲ್ಕೂ ಜನ ನಕ್ಕರು. ಬ್ಯಾಂಕಿನವರು ಎಷ್ಟು ನಕ್ಕರೆಂದರೆ ಅವರ ಹುಬ್ಬು ಹಣೆಗೆ ಏರಿತು. ಏರಿದ ಹುಬ್ಬಿನಿಂದ ಅಕ್ಕ ಅಗತ್ಯಕ್ಕಿಂತ ನಾಲ್ಕು ಕೂದಲು ಹೆಚ್ಚಿಗೆ ಕಿತ್ತಳು. ಅವತ್ತಿನ ಸೇಡು ಅಷ್ಟೇ. ಸಂಜೆ ಮೇಡಂ ಅವಳ ಕೈಗೊಂದು ಬಟ್ಟೆಯ ಮಾಸ್ಕ್ ಕೊಟ್ಟು, "ನಾಳೆಯಿಂದ ಇದು ಹಾಕ್ಕೊಂಡೇ ಕೆಲ್ಸ ಮಾಡು, ಗಿರಾಕಿಗಳಿಗೆ ಮುಜುಗರ ಆಗಬಾರದು ನೋಡು" ಎಂದರು. ಅಕ್ಕ ಅದನ್ನು ಚೀಲಕ್ಕೆ ಹಾಕಿಕೊಂಡು, ಕನ್ನಡಿ ಒರೆಸಿಟ್ಟು, ಟವೆಲ್ಲುಗಳನ್ನು ಹಗ್ಗದ ಮೇಲೆ ಹರವಿ ಮನೆಗೆ ಬಂದಳು. ಮತ್ತೆ ಹೋಗಲಿಲ್ಲ.

ಊಟಕ್ಕೆ ಕೂತಾಗ ನಾನು ದೊಡ್ಡ ಮನುಷ್ಯನ ಹಾಗೆ, "ಬಿಡೇ ಅಕ್ಕ, ದೊಡ್ಡವರ ಸಹವಾಸ" ಎಂದೆ.

"ಬಿಡಲ್ಲ ಕಣೋ," ಎಂದಳು ಅವಳು, ಉಪ್ಪು ಈಚೆಗೆ ಸರಿಸು ಎನ್ನುವ ದನಿಯಲ್ಲಿ. "ಅವರು ಒಂದಿನ ನನ್ನ ಕುರ್ಚಿಲಿ ಬಂದು ಕೂರಬೇಕು. ಮುಖ ನನ್ನ ಕೈಗೆ ಕೊಡಬೇಕು. ಆಗ ನಾನು ಆ ಮಾತು ಎತ್ತಬೇಕು. ಎತ್ತಿದಾಗ ಅವರ ಮುಖ ಹೇಗಾಗುತ್ತೆ ನೋಡಬೇಕು. ಅಷ್ಟೇ."

"ನಿನ್ನ ಹತ್ರ ಕುರ್ಚಿ ಎಲ್ಲಿದೆ?"

"ತಗೋತೀನಿ."

ತಗೊಂಡಳು. ಎರಡು ವರ್ಷ ಮನೆಮನೆಗೆ ಹೋಗಿ ಹುಬ್ಬು ತಿದ್ದಿ ದುಡ್ಡು ಕೂಡಿಟ್ಟಳು; ಆಮೇಲೆ, ಕುರ್ಚಿಗಿಂತ ಮೊದಲು ಕೋಣೆ. ಹಿಂದಿನ ಬೀದಿಯಲ್ಲಿ ಅರ್ಧ ಬಾಡಿಗೆಗೇ ಗಾಳಿ ಬೆಳಕಿನ ಕೋಣೆಯಿತ್ತು, ನಾನೇ ಹುಡುಕಿದ್ದೆ. ಅದನ್ನು ಬಿಟ್ಟು ಜೆರಾಕ್ಸ್ ಅಂಗಡಿಯ ಮೇಲಿನ ತಗಡಿನ ಮಾಡಿನ ಕೋಣೆಯನ್ನೇ ಹಿಡಿದಳು. ಹದಿನೇಳು ಕಿರಿದಾದ ಮೆಟ್ಟಿಲು, ಒಂದು ಫ್ಯಾನು, ಒಂದು ಕಿಟಕಿ. ಕಿಟಕಿಯಲ್ಲಿ ನಿಂತು ನೋಡಿದಾಗ ನನಗೆ ಕಾರಣ ತಿಳಿಯಿತು. ನೇರ ಎದುರಿಗೆ ಗಾಜಿನ ಬಾಗಿಲು.

ಕೊರಿಯ ನಮ್ಮ ಮನೆಗೆ ಬಂದದ್ದು ನನ್ನ ಭಾವಮೈದನ ಪೆಟ್ಟಿಗೆಯಲ್ಲಿ. ಅವನು ಸರಕಿನ ಹಡಗಿನಲ್ಲಿ ಅಡುಗೆಯವನು. ಆರು ತಿಂಗಳಿಗೊಮ್ಮೆ ಬರುವಾಗ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ, ಏನಾದರೂ ತರುತ್ತಾನೆ. ಆ ಸಲ ಆ ದೇಶದ ಬಂದರಿನ ಅಂಗಡಿಯೊಂದರಿಂದ ಹತ್ತು ಪುಟ್ಟ ಸೀಸೆ ಡಬ್ಬಿಗಳ ಒಂದು ಸೆಟ್ಟು ತಂದಿದ್ದ. ಅಲ್ಲಿನ ಹೆಂಗಸರ ಕೆನ್ನೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದ. ನನ್ನ ಹೆಂಡತಿ ಒಂದಾದ ಮೇಲೊಂದು ಹತ್ತನ್ನೂ ಹಚ್ಚಿಕೊಂಡು ಮಾರ್ಕೆಟ್ಟಿಗೆ ಹೋಗಿ ಬಂದಳು. ಬಂದಾಗ ಅವಳ ಮುಖದ ಮೇಲೆ ಮಾರ್ಕೆಟ್ಟಿನ ಅರ್ಧ ಧೂಳು ಕೂತಿತ್ತು. ನಾಲ್ಕನೆಯ ದಿನಕ್ಕೆ ಗಲ್ಲದ ತುಂಬ ಮೊಡವೆ. "ಇದನ್ನ ನಿಮ್ಮಕ್ಕನಿಗೇ ಕೊಡಿ, ನನ್ನ ತಮ್ಮನಿಗೆ ಹೇಳ್ಬೇಡಿ" ಎಂದು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು.

ಅಕ್ಕ ಹತ್ತನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೇಲಿನ ಬರಹ ನೋಡಿದರೆ ಮಕ್ಕಳು ಬಿಡಿಸಿದ ಮನೆ, ಕಿಟಕಿ, ಏಣಿಯ ಹಾಗೆ. ಫೋನಿನಲ್ಲಿ ಚಿತ್ರ ಹಿಡಿದು ನಮ್ಮ ಭಾಷೆಗೆ ಮಾಡಿಸಿದೆವು. ಒಂದು ಸೀಸೆಯ ಮೇಲೆ 'ಬಸವನಹುಳುವಿನ ಲೋಳೆ' ಎಂದು ಬಂತು. ಫೋನಿಗೆ ಹುಚ್ಚು ಹಿಡಿದಿದೆ ಎಂದುಕೊಂಡು ಇನ್ನೊಮ್ಮೆ ಹಿಡಿದೆವು. ಮತ್ತೆ ಬಸವನಹುಳುವೇ. ದೊಡ್ಡ ಡಬ್ಬಿಯ ಮೇಲಿನ ಸಾಲು ಇನ್ನೂ ವಿಚಿತ್ರವಾಗಿತ್ತು: 'ಚರ್ಮಕ್ಕೆ ನೀರು ಕುಡಿಸಿ. ನಂತರ ಬಾಗಿಲು ಮುಚ್ಚಿ.'

ನಾನು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದೆ. ಅಕ್ಕ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

"ಆ ಬಾಗಿಲಲ್ಲ ಕಣೋ ದಡ್ಡ," ಎಂದಳು. ಡಬ್ಬಿಯೊಳಗಿನ ದಪ್ಪ ಕ್ರೀಮನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದಳು. "ಅಲ್ಲಿ ಚಳಿ. ಒಣ ಗಾಳಿ. ಮುಖದಲ್ಲಿರೋ ನೀರನ್ನ ಗಾಳಿ ಕದ್ಕೊಂಡು ಹೋಗುತ್ತೆ. ಅದಕ್ಕೆ ಮೊದ್ಲು ನೀರು ಕುಡಿಸಿ, ಮೇಲೆ ಇದನ್ನ ಬಾಗಿಲಿನ ಥರ ಹಾಕ್ತಾರೆ. ಇಲ್ಲಿ ಗಾಳಿಲೇ ಬೇಕಾದಷ್ಟು ನೀರಿದೆ. ಬಾಗಿಲು ಹಾಕಿದ್ರೆ ಒಳಗಿರೋ ಬೆವರು ಎಲ್ಲಿಗೆ ಹೋಗ್ಬೇಕು ಪಾಪ."

ಅಂದಿನಿಂದ ನಮ್ಮ ಮನೆಯಲ್ಲಿ ದಪ್ಪ ಕ್ರೀಮಿಗೆ ಬಾಗಿಲು ಎಂದೇ ಹೆಸರಾಯಿತು. ಹತ್ತರಲ್ಲಿ ನಾಲ್ಕು ಬಾಗಿಲುಗಳು. ಉಳಿದ ಆರು ನೀರಿನಂಥವು.

ಇನ್ನು ಪ್ರಯೋಗ. ಪ್ರಯೋಗಕ್ಕೆ ಒಂದು ಮುಖ ಬೇಕು. ಬೆಲೆ ಇಲ್ಲದ, ಹಾಳಾದರೂ ಯಾರಿಗೂ ನಷ್ಟವಾಗದ ಮುಖ. ನನ್ನ ಹೆಂಡತಿ ಒಂದು ಕ್ಷಣವೂ ಯೋಚಿಸದೆ ನನ್ನ ಕಡೆ ಕೈ ತೋರಿಸಿದಳು. ನಾನು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಜನ ನನ್ನ ಮುಖಕ್ಕೆ ಏನೇನು ಎಸೆದಿದ್ದಾರೋ ಅದರ ಮುಂದೆ ಬಸವನಹುಳು ಏನೂ ಅಲ್ಲ.

ಎಡಗೆನ್ನೆಗೆ ಬರೀ ನೀರಿನಂಥದ್ದು, ಬಲಗೆನ್ನೆಗೆ ನೀರೂ ಬಾಗಿಲೂ. ಹೀಗೆ ಮೂರು ವಾರ ಕಚೇರಿಗೆ ಹೋದೆ. ಎಡಗಡೆ ಮದುಮಗ, ಬಲಗಡೆ ಹೋಟೆಲಿನ ಬಾಣಲೆ. "ಏನ್ರೀ, ಒಂದ್ ಕೆನ್ನೆಗೆ ಮಾತ್ರ ಬಡ್ತಿ ಸಿಕ್ಕಿದೆಯಾ?" ಎಂದು ನಮ್ಮ ಸಾಹೇಬರು ಕೇಳಿದರು. ಅವರು ನಮ್ಮಲ್ಲಿ ಗಮನವಿಟ್ಟು ನೋಡಿದ ಒಂದೇ ಒಂದು ವಿಷಯ ಅದು.

ಆದರೆ ಹವೆ ವರ್ಷವಿಡೀ ಒಂದೇ ಥರ ಇರುವುದಿಲ್ಲವಲ್ಲ. ನಡುವೆ ಎರಡು ತಿಂಗಳು ಒಣ ಗಾಳಿ ಬೀಸಿ ತುಟಿ ಒಡೆಯುತ್ತದೆ; ಆಗ ನನ್ನ ಎಡಗೆನ್ನೆ ಉರಿಯತೊಡಗಿತು. ಬಾಗಿಲು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು? ಇದಕ್ಕೆ ಅಕ್ಕ ಕಂಡುಕೊಂಡ ಉಪಾಯ ಕೊರಿಯದವರಿಗೂ ಹೊಳೆದಿರಲಿಕ್ಕಿಲ್ಲ. ಬೆಳಿಗ್ಗೆ ಕೋಣೆಯ ಬೀಗ ತೆಗೆದ ಕೂಡಲೇ ಕರವಸ್ತ್ರವೊಂದನ್ನು ನೆನೆಸಿ, ಹಿಂಡಿ, ಕಿಟಕಿಯ ಸರಳಿಗೆ ನೇತು ಹಾಕುವಳು. ಒಂದು ಗಂಟೆಯೊಳಗೆ ಒಣಗಿದರೆ ಅವತ್ತು ಎಲ್ಲರ ಮುಖಕ್ಕೂ ಅವರೆಕಾಳಿನಷ್ಟು ಬಾಗಿಲು. ಮಧ್ಯಾಹ್ನಕ್ಕೆ ಒಣಗಿದರೆ ಅದರಲ್ಲಿ ಕಾಲುಭಾಗ, ಅದೂ ಕೆನ್ನೆಗೆ ಮಾತ್ರ. ಸಂಜೆಯಾದರೂ ಒದ್ದೆಯಿದ್ದರೆ ಬಾಗಿಲಿನ ಡಬ್ಬಿಯನ್ನು ಮುಟ್ಟುವ ಹಾಗೇ ಇಲ್ಲ. ಹತ್ತು ಹಂತವನ್ನು ಇಳಿಸಿ ಇಳಿಸಿ ಮೂರಕ್ಕೆ ತಂದಳು: ತೊಳೆಯುವುದು, ನೀರಿನಂಥದ್ದನ್ನು ಎರಡು ಹನಿ ತಟ್ಟುವುದು, ಬಿಸಿಲಿಗೆ ಹೋಗುವವರಿಗೆ ಬಿಸಿಲಿನ ಕ್ರೀಮು. ಅದನ್ನು ಮಧ್ಯಾಹ್ನ ಇನ್ನೊಮ್ಮೆ. ನೀರಿನಂಥ ಸೀಸೆಗಳನ್ನೆಲ್ಲ ಒಂದು ಸ್ಟೀಲ್ ಡಬ್ಬದಲ್ಲಿಟ್ಟು ನಮ್ಮ ಫ್ರಿಜ್ಜಿನಲ್ಲಿಡುತ್ತಿದ್ದಳು. ಒಮ್ಮೆ ಕತ್ತಲಲ್ಲಿ ನಾನು ನೀರೆಂದು ಒಂದು ಗುಟುಕು ಕುಡಿದೆ. ಹೊಟ್ಟೆಯೊಳಗೆ ಹೊಳಪು ಬಂದಿದ್ದರೆ ಹೇಳಬಲ್ಲವರು ಯಾರೂ ಇಲ್ಲ.

ಈ ಮೂರು ಹಂತಗಳ ಹೊತ್ತಿನಲ್ಲೇ ಅವಳ ಭಾಷಣದ ತಾಲೀಮೂ ನಡೆಯುತ್ತಿತ್ತು. ನಾನು ಕಣ್ಣು ಮುಚ್ಚಿ ಕುರ್ಚಿಯಲ್ಲಿ ಮಲಗಿದ ಕೂಡಲೇ ಅವಳ ಪಾಲಿಗೆ ನಾನು ಮೇಡಂ.

"ಬನ್ನಿ ಮೇಡಂ, ಕೂತ್ಕೊಳ್ಳಿ. ತುಕ್ಕು ಹಿಡಿದ ಬೋರ್ಡಿನ ಅಂಗಡಿಗೆ ದಾರಿ ಗೊತ್ತಾಯ್ತಾ ನಿಮಗೆ? ಅವತ್ತು ನಗ್ತಾ ನಗ್ತಾ ಅಂದ್ರಲ್ಲ—"

"ಅಕ್ಕ, ಮೂಗು ಉರೀತಿದೆ."

"ಮೇಡಂ ಮಾತಾಡಬಾರದು. ಸುಮ್ನಿರು."

ಐದು ನಿಮಿಷದ ಭಾಷಣ. ವಾರಕ್ಕೆ ಎರಡು ಸಲ ಕೇಳಿ ನನಗೆ ಬಾಯಿಪಾಠವಾಗಿತ್ತು. ಕೊನೆಗೊಮ್ಮೆ, ನಾನು ಮಾಡದ ತಪ್ಪಿಗೆ ನನ್ನ ಕಣ್ಣಲ್ಲೇ ನೀರು ಬಂತು. ಬಸವನಹುಳು ಕಣ್ಣಿಗೆ ಹೋಗಿದ್ದೂ ಇರಬಹುದು.

ಭಾವಮೈದನ ಹಡಗನ್ನು ನಂಬಿದರೆ ಆರು ತಿಂಗಳಿಗೊಮ್ಮೆ ಮಾತ್ರ ಅಂಗಡಿ ತೆಗೆಯಬೇಕಾಗುತ್ತಿತ್ತು. ಅಕ್ಕ ಫೋನಿನಲ್ಲೇ ಆ ದೇಶದ ಅಂಗಡಿಯಿಂದ ತರಿಸಲು ಕಲಿತಳು. ಹದಿನೇಳು ಮೆಟ್ಟಿಲು ಹತ್ತುವ ಕೊರಿಯರ್‌ನವರು ಇಲ್ಲದ್ದರಿಂದ ಪಾರ್ಸೆಲ್ಲುಗಳೆಲ್ಲ ನನ್ನ ಕಚೇರಿಗೆ ಬರುತ್ತಿದ್ದವು. ಸುಂಕದವರು ಒಡೆದು ನೋಡಿ ಮತ್ತೆ ಟೇಪು ಸುತ್ತಿದ ಪೆಟ್ಟಿಗೆ ನನ್ನ ಮೇಜಿನ ಮೇಲೆ, ಅದರ ಹಿಂದೆ ನಾನು, ಮುಂದೆ ನಲ್ಲಿಯಲ್ಲಿ ನೀರಿಲ್ಲವೆಂದು ಕೂಗುವ ಜನ. ಬಿಡಿಯಾಗಿ ತರಿಸಿದರೆ ದುಬಾರಿ, ಸೆಟ್ಟೇ ಅಗ್ಗ. ಸೆಟ್ಟಿನಲ್ಲಿ ಬೇಡವೆಂದರೂ ನಾಲ್ಕು ಬಾಗಿಲು ಬರುತ್ತವೆ. ಒಣ ಗಾಳಿಯ ಎರಡು ತಿಂಗಳಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದವನ್ನು ಅಕ್ಕ ಎಸೆಯುತ್ತಿದ್ದಳು. ನೀರಿನಂಥವುಗಳ ಖಾಲಿ ಸೀಸೆಗಳನ್ನು ಮಾತ್ರ ಬಿಸಾಡುತ್ತಿರಲಿಲ್ಲ. ತೊಳೆದು, ಒಣಗಿಸಿ, ಗಿರಾಕಿಗಳಿಗೆ ಸ್ವಲ್ಪಸ್ವಲ್ಪ ತುಂಬಿ ಕೊಡಲು ಇಟ್ಟುಕೊಳ್ಳುತ್ತಿದ್ದಳು. ಹಾಗಾಗಿ ಕೆಳಗಿನ ಕಸದ ತೊಟ್ಟಿಗೆ ಬೀಳುತ್ತಿದ್ದದ್ದು ಅವಳು ಬಳಸದೆ ಬಿಟ್ಟದ್ದು ಮಾತ್ರ.

ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಕ್ಕನ ಮೊದಲ ಗಿರಾಕಿಗಳು ಬಿಸಿಲಿನವರು. ಬಸ್ ಕಂಡಕ್ಟರ್ ಹೆಂಗಸೊಬ್ಬಳು, ಸ್ಕೂಟರಿನಲ್ಲಿ ಊರೆಲ್ಲ ಸುತ್ತುವ ಇನ್ಶೂರೆನ್ಸಿನವಳು, ಸರ್ಕಲ್ಲಿನಲ್ಲಿ ನಿಲ್ಲುವ ಟ್ರಾಫಿಕ್ ಪೇದೆ. ಪೇದೆ ಮಾತ್ರ ಹಿಂದಿನ ಮೆಟ್ಟಿಲಿಂದ ಬಂದು ಹೋಗುತ್ತಿದ್ದ. ನಾಲ್ಕು ತಿಂಗಳಲ್ಲಿ ಅವರ ಮುಖಗಳೇ ಬೀದಿಯಲ್ಲಿ ಓಡಾಡುವ ಜಾಹೀರಾತಾದವು. ಅಕ್ಕನ ಬಂಗೂ ಅರ್ಧಕ್ಕರ್ಧ ತಿಳಿಯಾಯಿತು. ಪೂರ್ತಿ ಹೋಗಲಿಲ್ಲ. ಅವಳು ಮುಚ್ಚಿಡಲೂ ಇಲ್ಲ.

ಸುದ್ದಿ ಗಾಜಿನ ಬಾಗಿಲನ್ನೂ ದಾಟಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಮೇಲೆ ಹೋದಾಗ ಅಕ್ಕ ಕಿಟಕಿಯ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. "ಸದ್ದು ಮಾಡ್ಬೇಡ, ಬಾ" ಎಂದಳು. ಕೆಳಗೆ ನಮ್ಮ ಕಸದ ತೊಟ್ಟಿಯ ಮುಂದೆ ಎ.ಸಿ. ಮೇಡಂ. ಮೂಗಿಗೆ ಸೆರಗು, ಒಂದು ಕೈಯಲ್ಲಿ ಫೋನು. ಬಗ್ಗಿ, ಒಂದೊಂದೇ ಡಬ್ಬಿಯನ್ನು ಹೊರಳಿಸಿ ಚಿತ್ರ ತೆಗೆದುಕೊಳ್ಳುತ್ತಿದ್ದರು. ನಾಲ್ಕೂ ಬಾಗಿಲು.

"ಬಳಸಿ ಬಿಸಾಡಿದ್ದು ಅಂತ ತಿಳ್ಕೊಂಡಿದಾರೆ," ಎಂದೆ.

"ತಿಳ್ಕೊಳ್ಲಿ."

"ಹೇಳಲ್ವಾ?"

"ನನ್ನನ್ನ ಕೇಳಿದ್ರಾ? ತೊಟ್ಟೀನ ಕೇಳಿದ್ರು. ತೊಟ್ಟಿ ಹೇಳ್ತು."

ಮುಂದಿನ ವಾರ ಅವಳು ಕಸಕ್ಕೆ ಹಾಕಲು ಕೊಟ್ಟ ಡಬ್ಬಿಗಳನ್ನು ನೋಡಿದೆ. ಒಳಗಿನದನ್ನು ಕೆರೆದು ತೆಗೆದು, ತೊಳೆದು, ಹೆಸರು ಮೇಲೆ ಬರುವ ಹಾಗೆ ಜೋಡಿಸಿ ಕಟ್ಟಿದ್ದಳು. ಒಯ್ದು ಹಾಕಿದವನು ನಾನು. ಆದ್ದರಿಂದ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ತಿಂಗಳಿಗೆ ಎದುರಿನ ಅಂಗಡಿಯ ಮೇಲೆ ಹೊಸ ಬೋರ್ಡು ಎದ್ದಿತು: ಹತ್ತು ಹಂತದ ಕೊರಿಯ ಹೊಳಪು. ಚಿತ್ರದಲ್ಲಿದ್ದ ಹೆಸರು ಹಿಡಿದು ಇಡೀ ಸೆಟ್ಟನ್ನೇ ತರಿಸಿದ ಮೇಡಂ, ಎಲ್ಲವನ್ನೂ ಮೊದಲು ತಮ್ಮ ಮುಖಕ್ಕೇ ಹಚ್ಚಿ ನೋಡಿದ್ದರು. ಅದು ಅವರ ನಿಯಮ, ಒಳ್ಳೆಯ ನಿಯಮವೇ. ಹಚ್ಚಿದ್ದು ಅವರಿಗೆ ಸೊಗಸಾಗಿ ಒಗ್ಗಿತು. ಒಗ್ಗದೆ ಏನು? ಅಕ್ಕ ಆ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಟವೆಲ್ ಹರವಿದವಳು. "ಆ ಎ.ಸಿ.ಲಿ ಒದ್ದೆ ಟವೆಲ್ಲು ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಒಣಗ್ತಿತ್ತು ಕಣೋ. ಅವರು ಇರೋದೇ ಕೊರಿಯದಲ್ಲಿ" ಎಂದಳು. "ಅವರ ಗಿರಾಕಿಗಳು ಮಾತ್ರ ಇಲ್ಲಿನವರು."

ಆ ಬೇಸಿಗೆಯ ಮಧ್ಯಾಹ್ನಗಳನ್ನು ಅಕ್ಕ ಕಳೆದದ್ದು ಕಿಟಕಿಯಲ್ಲಿ. ಗಾಜಿನ ಬಾಗಿಲು ತೆರೆದು ಒಬ್ಬೊಬ್ಬರೇ ಹೊರಗೆ ಬರುವರು, ಎಣ್ಣೆ ಹಚ್ಚಿದ ಹಿತ್ತಾಳೆಯ ಹಾಗೆ ಥಳಥಳ ಹೊಳೆಯುತ್ತ. ಅಕ್ಕ ಮೆಲ್ಲಗೆ ಎಣಿಸುವಳು. ಹತ್ತನೆಯ ಹೆಜ್ಜೆಗೆ ಹಣೆಯಲ್ಲಿ ಬೆವರು. ಇಪ್ಪತ್ತಕ್ಕೆ ಕರವಸ್ತ್ರ ಹೊರಗೆ. ನಲವತ್ತಕ್ಕೆ, ಬಸ್ ಸ್ಟಾಪಿನ ಹತ್ತಿರ, ಲಾರಿಯೊಂದು ಹೋದರೆ ಅದರ ಹೊಗೆಯೆಲ್ಲ ಕೆನ್ನೆಯ ಮೇಲೆ. ಬ್ಯಾಂಕಿನವರು ಮೂವತ್ತೊಂದನೆಯ ಹೆಜ್ಜೆಗೆ ಮುಖ ಒರೆಸಿಕೊಂಡಾಗ ಅಕ್ಕ ಟೀ ಲೋಟ ಕೆಳಗಿಟ್ಟು ಒಂದು ಸಲ ಮೂಗಿನಲ್ಲಿ ನಕ್ಕಳು. ನಾಲ್ಕು ವರ್ಷದಲ್ಲಿ ಅವಳು ಅಷ್ಟು ಸುಖವಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಅಕ್ಕ, ಅವರ ಮುಖ ಕೆಡುತ್ತಲ್ಲೇ," ಎಂದೆ. ನನ್ನ ಆತ್ಮಸಾಕ್ಷಿ ಸಾಮಾನ್ಯವಾಗಿ ಊಟವಾದ ಮೇಲೆ ಏಳುತ್ತದೆ.

"ನಾನು ಹಚ್ಚಿದ್ನಾ?"

"ಗೊತ್ತಿದ್ದೂ ಸುಮ್ನಿದೀಯಲ್ಲ."

"ಅವತ್ತು ಅವರೂ ನಗೋ ಬದಲು ಸುಮ್ನಿರಬಹುದಿತ್ತು," ಎಂದಳು. ಸ್ವಲ್ಪ ತಡೆದು, "ಬರಲಿ, ಸರಿ ಮಾಡ್ತೀನಿ. ಬರಬೇಕು ಮಾತ್ರ" ಎಂದಳು.

ಬಂದರು. ಮೊದಲು ಬಂದವರು ಬ್ಯಾಂಕಿನವರೇ. ಗಲ್ಲದ ತುಂಬ ಕೆಂಪು ಗುಳ್ಳೆ, ಮೆಟ್ಟಿಲು ಹತ್ತಿ ಏದುಸಿರು. ಅಕ್ಕ ಬೆಂಚು ತೋರಿಸಿ ಒಂದೂವರೆ ಗಂಟೆ ಕಾಯಿಸಿದಳು, ಆಮೇಲೆ ತಣ್ಣೀರಿನಲ್ಲಿ ಮುಖ ತೊಳೆದು ಎರಡು ವಾರ ಏನೂ ಹಚ್ಚಬಾರದೆಂದು ಕಳಿಸಿದಳು. ನಕ್ಕ ನಾಲ್ವರಲ್ಲಿ ಮೂವರು ಬಂದರು. ನಾಲ್ಕನೆಯವರು ವರ್ಗವಾಗಿ ಬೇರೆ ಊರಿಗೆ ಹೋಗಿದ್ದರಂತೆ. ಅದನ್ನು ಕೇಳಿ ಅಕ್ಕ ಒಂದು ಹೊತ್ತು ಊಟ ಬಿಟ್ಟಳು.

ಆದರೆ ಮೇಡಂ ಮುಖ ಮಾತ್ರ ಗಾಜಿನ ಹಿಂದೆ ಚಂದ್ರನ ಹಾಗೆ ತಣ್ಣಗಿತ್ತು. ಗಿರಾಕಿಗಳು ಹೋದರೂ ಅವರು ಬರಲಿಲ್ಲ. ಗಿರಾಕಿಗಳನ್ನು ಇಟ್ಟುಕೊಂಡು ಅಕ್ಕ ಏನು ಮಾಡಬೇಕು? ಅವಳಿಗೆ ಬೇಕಾಗಿದ್ದದ್ದು ಒಂದೇ ಮುಖ. ಕಿಟಕಿಯಲ್ಲಿ ನಿಲ್ಲುವುದನ್ನೂ ಬಿಟ್ಟಳು. ನನ್ನ ಮೇಲೆ ಭಾಷಣದ ತಾಲೀಮು ನಿಂತಿತು. ನಿಜ ಹೇಳಬೇಕೆಂದರೆ ನನಗೆ ಬೇಸರವಾಯಿತು. ಬೈಸಿಕೊಳ್ಳುವುದೂ ಒಂದು ಅಭ್ಯಾಸ.

ಆಗ ವಿದ್ಯುತ್ ಇಲಾಖೆಯವರು ಬೀದಿ ಅಗೆದರು. ನೆಲದೊಳಗೆ ಕೇಬಲ್ ಹಾಕುವ ಕೆಲಸ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕರೆಂಟಿಲ್ಲ, ಮೂರು ವಾರ. ಮೇಡಂ ಜನರೇಟರ್ ತರಿಸಿದರು. ಅದು ದೀಪ, ಫ್ಯಾನು ಎಳೆಯಿತು, ಎ.ಸಿ. ಎಂದರೆ ಕೆಮ್ಮಿ ನಿಲ್ಲುತ್ತಿತ್ತು. ತಂಪು ಹೊರಹೋಗಬಾರದೆಂದು ಆ ಅಂಗಡಿಯ ಕಿಟಕಿಗಳನ್ನೆಲ್ಲ ಹಿಂದೆಯೇ ಗಾಜಿನಿಂದ ಮುಚ್ಚಿಸಿದ್ದರು, ತೆರೆಯುವ ಹಾಗಿರಲಿಲ್ಲ. ದಿನಕ್ಕೆ ಒಂಬತ್ತು ಗಂಟೆ ಆ ಗಾಜಿನ ಪೆಟ್ಟಿಗೆಯೊಳಗೆ, ಮುಖದ ಮೇಲೆ ನಾಲ್ಕು ಬಾಗಿಲು ಹಾಕಿಕೊಂಡು ಮೇಡಂ ಕೂತರು. ಮೊದಲ ಗುಳ್ಳೆಗೆ ಕ್ರೀಮು ಹೆಚ್ಚು ಮಾಡಿದರು. ಹೆಚ್ಚು ಮಾಡಿದಷ್ಟೂ ಗುಳ್ಳೆ ಹೆಚ್ಚಾಯಿತು.

ಹದಿನೆಂಟನೆಯ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಬೆಂಚಿನಲ್ಲಿ ಕಂಡಕ್ಟರ್ ಹೆಂಗಸು, ಬ್ಯಾಂಕಿನವರು, ನಾನು. ಬಾಗಿಲಲ್ಲಿ ಮೇಡಂ. ಕಣ್ಣಿನ ಕೆಳಗಿಂದ ಗಲ್ಲದವರೆಗೆ ಮುಖ ಕೆಂಪಗೆ ಊದಿತ್ತು. ಯಾರೂ ನಗಲಿಲ್ಲ. ಬ್ಯಾಂಕಿನವರು ಪತ್ರಿಕೆಯನ್ನು ಮುಖಕ್ಕೆ ಹಿಡಿದರು.

"ಏನಾದ್ರೂ ಮಾಡಕ್ಕಾಗುತ್ತಾ ನೋಡು," ಎಂದರು ಮೇಡಂ.

ಅಕ್ಕ ಕೈ ಒರೆಸಿಕೊಂಡಳು. "ಕೂತ್ಕೊಳ್ಳಿ. ನಿಮ್ಮ ಮುಂದೆ ಮೂರು ಜನ ಇದಾರೆ."

ಆ ಮೂವರಲ್ಲಿ ನಾನೊಬ್ಬ. ನನಗೆ ಅವತ್ತು ಸರದಿ ಬಿಟ್ಟುಕೊಟ್ಟು ಓಡಿಹೋಗುವ ಮನಸ್ಸಿತ್ತು. ಅಕ್ಕ ನನ್ನನ್ನೂ ಮಲಗಿಸಿ, ಏನೂ ಆಗದ ನನ್ನ ಮುಖವನ್ನು ಇಪ್ಪತ್ತು ನಿಮಿಷ ತಟ್ಟಿದಳು. ತಗಡಿನ ಮಾಡು ಬಿಸಿಲಿಗೆ ಕಾಯುತ್ತಿತ್ತು. ಮೇಡಂ ಬೆಂಚಿನ ತುದಿಯಲ್ಲಿ ಬೆವರುತ್ತ ಕೂತಿದ್ದರು.

ಕೊನೆಗೆ ಕುರ್ಚಿಗೆ ಬಂದರು. ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದರು. ಅಕ್ಕ ಎರಡೂ ಅಂಗೈಯಲ್ಲಿ ಆ ಮುಖವನ್ನು ಹಿಡಿದಳು. ನಾನು ಭಾಷಣದ ಮೊದಲ ಸಾಲಿಗೆ ಕಾದೆ. ಅವಳು ತಪ್ಪಿದರೆ ಹೇಳಿಕೊಡಲೂ ಸಿದ್ಧನಿದ್ದೆ.

"ದಿನಾ ಎಷ್ಟು ಹಚ್ತಿದ್ರಿ?" ಎಂದಳು ಅಕ್ಕ.

"ಹತ್ತೂ."

"ನಾಳೆಯಿಂದ ಯಾವ್ದೂ ಬೇಡ. ಎ.ಸಿ. ಬೇಡ. ದಿನಾ ಹನ್ನೆರಡು ಗಂಟೆಗೆ ಇಲ್ಲಿಗೆ ಬನ್ನಿ. ಕಾರು ತರಬೇಡಿ, ಮನೆಯಿಂದ ನಡ್ಕೊಂಡು ಬನ್ನಿ, ಛತ್ರಿ ಹಿಡ್ಕೊಳ್ಳಿ. ನಿಮ್ಮ ಸರದಿ ಬರೋವರೆಗೂ ಬೆಂಚಲ್ಲಿ ಕೂತಿರಿ. ಚರ್ಮ ಈ ಊರಿಗೆ ಒಗ್ಗಬೇಕು."

ಅವರು ಮೆಟ್ಟಿಲಿಳಿದು ಹೋದ ಮೇಲೆ ಕೇಳಿದೆ: "ಇದರಿಂದೆಲ್ಲ ವಾಸಿ ಆಗುತ್ತಾ?"

"ಕ್ರೀಮು ಬಿಟ್ರೆ ಆಗುತ್ತೆ."

"ಮತ್ತೆ ಆ ಹನ್ನೆರಡು ಗಂಟೆ ಬಿಸಿಲು, ನಡಿಗೆ, ಬೆಂಚು?"

"ಅದು ನನಗೆ," ಎಂದಳು ಅಕ್ಕ.

"ಭಾಷಣ ಯಾಕೆ ಬಿಟ್ಟೆ?"

"ಬಾಯಲ್ಲಿ ಹೇಳಿದ್ರೆ ಐದು ನಿಮಿಷಕ್ಕೆ ಮುಗಿದುಹೋಗುತ್ತೆ. ನಾಲ್ಕು ವರ್ಷ ಇಟ್ಕೊಂಡಿದ್ದು. ಸ್ವಲ್ಪ ದಿನ ಇರಲಿ."

ಮೇಡಂ ಬಂದರು, ಪ್ರತಿದಿನ. ಅವರ ಮನೆಯಿಂದ ಒಂದೂವರೆ ಮೈಲಿ. ತಮ್ಮ ಹಳೆಯ ಗಿರಾಕಿಗಳ ನಡುವೆ, ಬೆಂಚಿನ ತುದಿಯಲ್ಲಿ ಕೂತು ತಮ್ಮ ಸರದಿಗೆ ಕಾದರು. ಆಗ ತಾನೇ ಬಂದವರನ್ನೂ ಅಕ್ಕ ಮೇಡಂಗಿಂತ ಮೊದಲು ಕುರ್ಚಿಗೆ ಕರೆಯುತ್ತಿದ್ದಳು. ನಾನು ಊಟದ ಬಿಡುವನ್ನೆಲ್ಲ ಅಲ್ಲೇ ಕಳೆದೆ, ನೋಡಬಾರದೆಂದುಕೊಂಡೇ ನೋಡಿದೆ. ಹತ್ತನೆಯ ದಿನಕ್ಕೆ ಕೆಂಪು ಇಳಿಯಿತು. ಹದಿನೈದಕ್ಕೆ ಗುಳ್ಳೆ ಒಣಗಿತು. ಅಷ್ಟರಲ್ಲಿ ಕರೆಂಟೂ ಬಂದಿತ್ತು. ಹದಿನೆಂಟಕ್ಕೆ ಮುಖ ಸಾಫಾಯಿತು. ಅಕ್ಕ ಬೆರಳಾಡಿಸಿ ನೋಡಿ, "ಇನ್ನೂ ಒಳಗಿದೆ. ಬನ್ನಿ" ಎಂದಳು. ಇಪ್ಪತ್ತನೆಯ ದಿನವೂ ಒಳಗಿತ್ತು. ಇಪ್ಪತ್ತೈದನೆಯ ದಿನವೂ.

ಇಪ್ಪತ್ತೆಂಟನೆಯ ದಿನ ಕುರ್ಚಿಯಲ್ಲಿ ಮಲಗಿದ ಮೇಡಂ ಕಣ್ಣು ತೆರೆಯದೆ ಹೇಳಿದರು: "ಹತ್ತು ದಿನದ ಹಿಂದೇನೆ ವಾಸಿ ಆಯ್ತು. ನಾನೂ ಮೂವತ್ತು ವರ್ಷ ಮುಖ ನೋಡ್ಕೊಂಡೇ ಬದುಕಿದೋಳು. ನಂಗೆ ಗೊತ್ತಾಗಲ್ವಾ?"

ಅಕ್ಕನ ಕೈ ನಿಲ್ಲಲಿಲ್ಲ. "ಮತ್ತೆ ಯಾಕೆ ಬರ್ತಿದೀರಿ?"

"ಅಲ್ಲಿ ಯಾರಿದಾರೆ, ಇರೋರೆಲ್ಲ ಇಲ್ಲಿದಾರೆ. ಮತ್ತೆ ಈ ಕೈ ನಾನೇ ತಿದ್ದಿದ್ದಲ್ವಾ. ಚೆನ್ನಾಗಿ ಕೂತಿದೆ."

ಅಕ್ಕ ಕೈ ತೆಗೆದಳು. ಕುರ್ಚಿಯ ಹಿಂದಿನಿಂದ ಮುಂದಕ್ಕೆ ಬಂದು, ಅವರಿಗೆ ಎದುರಾಗಿ ನಿಂತಳು. ಆ ಮುಖ ಹೇಗಾಗುತ್ತದೆಂದು ನೋಡಲು ಅಲ್ಲೇ ನಿಲ್ಲಬೇಕು.

"ಮೇಡಂ, ನೀವು ಅವತ್ತು ನನ್ನ ಮುಖದ ಬಗ್ಗೆ ಒಂದು ಮಾತು ಅಂದ್ರಿ. ಎಲ್ಲರ ಮುಂದೆ. ಆ ಮಾತಿಗೇ ನಾನು ಕೆಲ್ಸ ಬಿಟ್ಟಿದ್ದು."

ಮೇಡಂ ಕಣ್ಣು ತೆರೆದರು. ನಾನು ಆ ಮುಖವನ್ನೇ ನೋಡುತ್ತಿದ್ದೆ. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ನುಣುಪಾದ, ಹದವಾಗಿ ತೊಳೆದ ಆ ಮುಖ ಕೆಂಪಾಗಲಿಲ್ಲ, ಬಿಳಿಚಲಿಲ್ಲ. ಹುಬ್ಬು ಸ್ವಲ್ಪ ಗಂಟಿಕ್ಕಿತು, ಬೀಗದ ಕೈ ಎಲ್ಲಿಟ್ಟೆ ಎಂದು ಯೋಚಿಸುವವರ ಹಾಗೆ.

"ಯಾವ ಮಾತು?" ಎಂದರು.

ನಾಟಕವಾಗಿದ್ದರೆ ಅಕ್ಕನಿಗೆ ಗೊತ್ತಾಗುತ್ತಿತ್ತು; ಚರ್ಮದ ಅಡಿಯಲ್ಲಿ ಏನಿದೆ ಎಂದು ಹೇಳಬಲ್ಲವಳು ಅವಳು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. "ಬೇರೆ ಕಡೆ ಜಾಸ್ತಿ ಸಂಬಳ ಸಿಕ್ತು ಅಂತ ಬಿಟ್ಟೆ ಅಂದ್ಕೊಂಡಿದ್ದೆ," ಎಂದರು. "ಎಷ್ಟೋ ಜನಕ್ಕೆ ಎಷ್ಟೋ ಅಂದಿರ್ತೀನಿ. ಏನ್ ಅಂದೆ, ಹೇಳು."

ಬ್ಯಾಂಕಿನವರು ಬಾಯಿ ತೆರೆದರು. ಅವರಿಗೆ ನೆನಪಿತ್ತು. ಅಕ್ಕ ಅವರ ಕಡೆ ತಿರುಗಿ ನೋಡಿದಳು, ಬಾಯಿ ಮುಚ್ಚಿಕೊಂಡರು. ನನ್ನ ನಾಲಿಗೆಯ ತುದಿಯಲ್ಲಿ ಇಡೀ ಭಾಷಣವೇ ಇತ್ತು, ಅದನ್ನು ನಾನೂ ನುಂಗಿಕೊಂಡೆ.

ನಾಲ್ಕು ವರ್ಷ ದಿನಾ ನೆನೆದದ್ದು ತಾನೊಬ್ಬಳೇ ಎಂದು ಅಕ್ಕನಿಗೆ ಆಗ ತಿಳಿಯಿತೇನೋ. ಅಳುತ್ತಾಳೆ ಎಂದುಕೊಂಡೆ. ಅವಳು ಟವೆಲ್ ತೆಗೆದುಕೊಂಡು ಮೇಡಂ ಕತ್ತಿನ ಬೆವರನ್ನು, ಕೆಲಸದವಳು ಹೇಗೆ ಒರೆಸಬೇಕೋ ಹಾಗೆ, ಒರೆಸಿದಳು.

"ನಾನು ಹೇಳಲ್ಲ," ಎಂದಳು. "ನೆನಪಾಗೋವರೆಗೂ ಬನ್ನಿ."

ಮೇಡಂ ಎದ್ದರು, ಛತ್ರಿ ಬಿಡಿಸುತ್ತ ಮೆಟ್ಟಿಲಿಳಿದರು. ಇನ್ನು ಇವರು ಈ ಕಡೆ ತಲೆ ಹಾಕುವುದಿಲ್ಲ ಎಂದು ನಾನು ಬ್ಯಾಂಕಿನವರ ಹತ್ತಿರ ಒಂದು ಟೀ ಪಂದ್ಯ ಕಟ್ಟಿದೆ.

ಸೋತೆ. ಮರುದಿನ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಹದಿನೇಳು ಮೆಟ್ಟಿಲು ಹತ್ತಿ ಬಂದು, ಬೆಂಚಿನ ತುದಿಯಲ್ಲಿ ಕೂತರು. ರಾತ್ರಿಯೆಲ್ಲ ನಿದ್ದೆ ಮಾಡದ ಕಣ್ಣು. ನೆನಪಾಯಿತೇ ಎಂದು ಅಕ್ಕ ಕೇಳಲಿಲ್ಲ. ಅವರೂ ಹೇಳಲಿಲ್ಲ. ಅಕ್ಕ ಬೆಂಚಿನ ಕಡೆ ಒಮ್ಮೆ ನೋಡಿ, ಆಗ ತಾನೇ ಒಳಗೆ ಬಂದ ಟ್ರಾಫಿಕ್ ಪೇದೆಗೆ ಕುರ್ಚಿ ತೋರಿಸಿದಳು.